ಶಾಣ್ಯಾ ಮಕ್ಕಳ ಹೈಸ್ಕೂಲು

ತನ್ನ ವಯಸ್ಸಿನವರಿಗಿಂತ ಬೇಗ ಕಲಿಯುವ, ಕಲಿತದ್ದನ್ನು ಹೇಳಿಕೊಡದ ಕಡೆಗೂ ತಿರುಗಿಸಿ ಬಳಸುವ, ಹಿಡಿದ ಪ್ರಶ್ನೆಯನ್ನು ಬಿಡದೆ ಬೆನ್ನುಹತ್ತುವ ಮಗುವನ್ನು ಶಿಕ್ಷಣಶಾಸ್ತ್ರ ಪ್ರತಿಭಾನ್ವಿತ ಎನ್ನುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇಷ್ಟುದ್ದದ ವಿವರಣೆ ಬೇಕಿಲ್ಲ. ‘ಹುಡುಗ ಶಾಣ್ಯಾ ಅದಾನೆ’ ಎಂದರೆ ಮುಗಿಯಿತು. ಅದೇ ಹುಡುಗ ಮೇಷ್ಟ್ರು ಬೋರ್ಡಿನ ಮೇಲೆ ಮಾಡಿದ ಲೆಕ್ಕದಲ್ಲಿ ತಪ್ಪು ತೋರಿಸಿದ ದಿನ ‘ಬಾಳ ಶಾಣ್ಯಾ ಆಗಬ್ಯಾಡ’ ಎಂಬ ಮಾತು ಬರುತ್ತದೆ. ಒಂದೇ ಪದ ಹೊಗಳಿಕೆಯೂ ಹೌದು, ಗದರಿಕೆಯೂ ಹೌದು. ಎಂಟರಿಂದ ಹತ್ತನೆಯ ತರಗತಿವರೆಗಿನ ಚುರುಕು ಮಕ್ಕಳ ಪಾಡು ಹೆಚ್ಚುಕಡಿಮೆ ಈ ಎರಡರ ನಡುವಿನದು.

ಈ ವಿಷಯದ ಅಧ್ಯಯನ ಶುರುವಾದದ್ದು ಬುದ್ಧಿಮಾಪನದಿಂದ. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬುದ್ಧಿಸೂಚ್ಯಂಕ ನೋಡಿ ಆರಿಸಿಕೊಂಡು, ಅವರ ಬದುಕನ್ನು ದಶಕಗಳ ಕಾಲ ಗಮನಿಸುತ್ತ ಹೋದರು. ಪರೀಕ್ಷೆ ಬರೆದೂ ಆ ಪಟ್ಟಿಗೆ ಸೇರದೆ ಹೋದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಎಂಬ ಇಬ್ಬರಿದ್ದರು. ಮುಂದೆ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಪಟ್ಟಿಯಲ್ಲಿದ್ದ ಯಾರಿಗೂ ಬರಲಿಲ್ಲ. 1978ರಲ್ಲಿ ಜೋಸೆಫ್ ರೆಂಜುಲ್ಲಿ ಎಂಬ ಶಿಕ್ಷಣತಜ್ಞರು ಪ್ರತಿಭೆಯನ್ನು ಮೂರು ಉಂಗುರಗಳಾಗಿ ವಿವರಿಸಿದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಕೈಗೆತ್ತಿಕೊಂಡ ಕೆಲಸದ ಮೇಲಿನ ನಿಷ್ಠೆ. ಮೂರೂ ಒಂದರ ಮೇಲೊಂದು ಬೀಳುವ ಜಾಗದಲ್ಲಿ ದೊಡ್ಡ ಕೆಲಸ ಹುಟ್ಟುತ್ತದೆ ಎನ್ನುವುದು ಅವರ ವಾದ. ಕೆನಡಾದ ಫ್ರಾಂಸ್ವಾ ಗಾನ್ಯೆ ಇನ್ನೊಂದು ಗೆರೆ ಎಳೆದರು. ಹುಟ್ಟಿನಿಂದ ಬಂದ ಕಸುವು ಬೇರೆ, ಅದು ಪಳಗಿ ಬಂದ ನೈಪುಣ್ಯ ಬೇರೆ. ಇವೆರಡರ ನಡುವೆ ಮನೆ, ಶಾಲೆ, ಅಭ್ಯಾಸ, ಅದೃಷ್ಟ ಎಲ್ಲವೂ ನಿಂತಿವೆ.

ಕನ್ನಡದ ‘ಪ್ರತಿಭೆ’ ಎಂಬ ಪದ ಈ ಎರಡನ್ನೂ ಒಟ್ಟಿಗೆ ನುಂಗಿಕೊಂಡಿದೆ. ನಮ್ಮಲ್ಲಿ ಆ ಪದ ಹೆಚ್ಚಾಗಿ ಕೇಳುವುದು ಎರಡು ಕಡೆ. ಅಂಕಪಟ್ಟಿ ಬಂದ ಮೇಲೆ ಶಾಲು, ಹಾರ, ಸ್ಮರಣಿಕೆಗಳೊಡನೆ ನಡೆಯುವ ‘ಪ್ರತಿಭಾ ಪುರಸ್ಕಾರ’ದಲ್ಲಿ, ಹಾಡು, ಭಾಷಣ, ಛದ್ಮವೇಷಗಳ ‘ಪ್ರತಿಭಾ ಕಾರಂಜಿ’ಯಲ್ಲಿ. ಎರಡೂ ಆಗಲೇ ಹೊರಗೆ ಕಾಣಿಸಿಕೊಂಡ ಪ್ರತಿಭೆಯನ್ನು ಗೌರವಿಸುತ್ತವೆ. ಕಾಣಿಸಿಕೊಳ್ಳದೆ ಉಳಿದದ್ದನ್ನು ಹುಡುಕುವ, ಅರ್ಧ ಚಿಗುರಿದ್ದಕ್ಕೆ ನೀರು ಹಾಯಿಸುವ ಕೆಲಸಕ್ಕೆ ಇನ್ನೂ ಒಂದು ಹೆಸರೇ ಇಲ್ಲ.

ಪಶ್ಚಿಮ ತಾಲ್ಲೂಕುಗಳು

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಮೊದಲು ಹೆಸರಿಸಿದ ಐದನ್ನೂ ಬಳ್ಳಾರಿಯ ಜನ ಪಶ್ಚಿಮ ತಾಲ್ಲೂಕುಗಳು ಎಂದು ಕರೆಯುತ್ತ ಬಂದಿದ್ದಾರೆ. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದು ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿದ ನೆಲ ಇದು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆ ಒಂದೇ ಜಿಲ್ಲೆಗೆ ಬಂದವು. ತುಂಗಭದ್ರೆ ಅಂಚಿನಲ್ಲೇ ಹರಿದರೂ ಹೆಚ್ಚಿನ ನೆಲ ಮಳೆಯಾಶ್ರಿತ. ಶೇಂಗಾ, ಮೆಕ್ಕೆಜೋಳ, ಜೋಳ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವುದು ಇಲ್ಲಿನ ಹಳ್ಳಿಗಳಿಗೂ ತಾಂಡಾಗಳಿಗೂ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಈಗ ಓದುತ್ತಿದೆ.

ಕಸುವಿಗೆ ಈ ನೆಲದಲ್ಲಿ ಬರವಿಲ್ಲ. ಅದು ಶಾಲೆಯ ಹಾದಿಯಲ್ಲಿ ಅರಳದೇ ಇದ್ದ ನಿದರ್ಶನಗಳೂ ಇವೆ. ಹರಿದಾಸ ಪರಂಪರೆಯಲ್ಲಿ ಹೆಸರಾದ ಹರಪನಹಳ್ಳಿ ಭೀಮವ್ವ 19ನೆಯ ಶತಮಾನದವರು. ಹೆಣ್ಣುಮಕ್ಕಳಿಗೆ ಶಾಲೆಯೇ ಇಲ್ಲದ ಕಾಲದಲ್ಲಿ ಹಾಡು ಕಟ್ಟಿದವರು. ಬೀಚಿ ಎಂದು ನಾಡೆಲ್ಲ ಬಲ್ಲ ರಾಯಸಂ ಭೀಮಸೇನರಾವ್ 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲೇ. ಓದು ಎಸ್ಸೆಸ್ಸೆಲ್ಸಿಗೆ ನಿಂತಿತು, ಪೊಲೀಸ್ ಇಲಾಖೆಯ ನೌಕರಿ ಹಿಡಿದರು. ಕನ್ನಡದ ಕಡೆ ಅವರ ಮನಸ್ಸು ತಿರುಗಿದ್ದು ಅನಕೃ ಅವರ ‘ಸಂಧ್ಯಾರಾಗ’ ಕೈಗೆ ಸಿಕ್ಕ ಮೇಲೆ. ಕನ್ನಡದ ಅಷ್ಟು ದೊಡ್ಡ ಹಾಸ್ಯಗಾರನನ್ನು ಎಬ್ಬಿಸಿದ್ದು ತರಗತಿಯಲ್ಲ, ಆಕಸ್ಮಿಕವಾಗಿ ಸಿಕ್ಕ ಒಂದು ಪುಸ್ತಕ. ಅಂಥ ಪುಸ್ತಕ ಕೈಗೆ ಬಾರದೆ ಉಳಿದವರ ಲೆಕ್ಕ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಯಾರು ಗುರುತಿಸಬೇಕು, ಹೇಗೆ

ಶಿಕ್ಷಕರನ್ನು ಕೇಳಿದರೆ ತರಗತಿಯ ಜಾಣರ ಹೆಸರು ಥಟ್ಟನೆ ಬರುತ್ತದೆ: ಅಕ್ಷರ ದುಂಡಗಿರುವವರು, ಹೋಂವರ್ಕ್ ತಪ್ಪಿಸದವರು, ಕೇಳಿದ್ದಕ್ಕೆ ಪುಸ್ತಕದ ಮಾತಿನಲ್ಲೇ ಉತ್ತರ ಕೊಡುವವರು. ಇವರಲ್ಲಿ ಹಲವರು ನಿಜಕ್ಕೂ ಪ್ರತಿಭಾವಂತರೇ. ಆದರೆ ಪಟ್ಟಿಯಿಂದ ಹೊರಗುಳಿಯುವವರ ಲಕ್ಷಣಗಳೇ ಬೇರೆ. ಲೆಕ್ಕದ ಉತ್ತರ ಸರಿ ಇದ್ದು ನಡುವಿನ ಹಂತ ಬರೆಯದವರು, ಒಂದೇ ವಿಷಯದಲ್ಲಿ ಮಿಂಚಿ ಉಳಿದವುಗಳಲ್ಲಿ ಮಲಗುವವರು, ಹಿಂದಿನ ಬೆಂಚಿನಲ್ಲಿ ಕೂತು ಪಾಠದ ನಡುವೆ ನಗೆಚಟಾಕಿ ಹಾರಿಸುವವರು, ಬಾಯೇ ಬಿಡದ ಹುಡುಗಿಯರು. ಓದುಬರಹದಲ್ಲಿ ತೊಡಕಿದ್ದು ತರ್ಕದಲ್ಲಿ ಮುಂದಿರುವ ಮಕ್ಕಳೂ ಉಂಟು. ಅಕ್ಷರ ಜೋಡಿಸುವ ಕಷ್ಟ ಅವರ ಬುದ್ಧಿಯನ್ನು ಮುಚ್ಚುತ್ತದೆ, ಬುದ್ಧಿ ಆ ಕಷ್ಟವನ್ನು ಮುಚ್ಚುತ್ತದೆ. ಕೊನೆಗೆ ‘ಸಾಧಾರಣ’ ಎಂಬ ಷರಾ ಬೀಳುತ್ತದೆ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ 1980ರ ದಶಕದಲ್ಲಿ ನಡೆದ ಒಂದು ಅಧ್ಯಯನವನ್ನು ಕೊಟ್ಟೂರಿನ ಸಂತೆಯಲ್ಲಿ ನಿಂತು ಓದಿದರೂ ನಡೆಯುತ್ತದೆ. ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು ಮಾರುವ ಮಕ್ಕಳು ಗಿರಾಕಿಯಾಗಿ ಬಂದ ಸಂಶೋಧಕರಿಗೆ ಬಾಯಲ್ಲೇ ಹಾಕಿಕೊಟ್ಟ ಲೆಕ್ಕಗಳಲ್ಲಿ ಶೇ 98 ಸರಿಯಿದ್ದವು. ಅದೇ ಮಕ್ಕಳಿಗೆ ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಸರಿಯುತ್ತರ ಸುಮಾರು ಶೇ 37ಕ್ಕೆ ಇಳಿಯಿತು. ಅಪ್ಪನ ತರಕಾರಿ ಗಾಡಿಯಲ್ಲಿ ಕೂತು ಕ್ಷಣದಲ್ಲಿ ಲೆಕ್ಕ ಹೇಳುವ ಹುಡುಗಿ ಗಣಿತದ ಕಿರುಪರೀಕ್ಷೆಯಲ್ಲಿ ಮುಗ್ಗರಿಸಿದರೆ, ಮುಗ್ಗರಿಸಿದ್ದು ಬುದ್ಧಿಯೋ ಬರಹದ ರೂಢಿಯೋ ಎಂದು ಬಿಡಿಸಿ ನೋಡಬೇಕಾಗುತ್ತದೆ.

ಗುರುತಿಸುವ ಕೆಲಸವನ್ನು ಶಿಫಾರಸಿಗೆ ಬಿಡಬಾರದು ಎಂಬುದಕ್ಕೆ ಇನ್ನೊಂದು ಆಧಾರ ಅಮೆರಿಕದ ಫ್ಲಾರಿಡಾದಿಂದ ಬಂದಿದೆ. ಅಲ್ಲಿನ ಒಂದು ದೊಡ್ಡ ಶಾಲಾ ಜಿಲ್ಲೆ ಶಿಕ್ಷಕರು, ಪೋಷಕರು ಹೆಸರಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುವುದನ್ನು ಬಿಟ್ಟು ಎಲ್ಲ ಮಕ್ಕಳಿಗೂ ಒಂದೇ ಪ್ರಾಥಮಿಕ ಪರೀಕ್ಷೆ ಕೊಟ್ಟಿತು. ಬಡ, ಕರಿಯ, ಹಿಸ್ಪಾನಿಕ್ ಮನೆಗಳಿಂದ ಆಯ್ಕೆಯಾಗುವ ಮಕ್ಕಳ ಪ್ರಮಾಣ ಒಮ್ಮೆಲೇ ಏರಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಇದನ್ನು 2016ರಲ್ಲಿ ವಿವರವಾಗಿ ದಾಖಲಿಸಿದರು. ಮಕ್ಕಳು ಮೊದಲೂ ಅಲ್ಲೇ ಇದ್ದರು, ಅವರ ಹೆಸರು ಹೇಳುವವರು ಇರಲಿಲ್ಲ. ಲಂಬಾಣಿ ತಾಂಡಾದಿಂದ, ಮಾಜಿ ದೇವದಾಸಿಯರ ಮನೆಯಿಂದ, ಕೂಲಿಯವರ ಗುಡಿಸಲಿನಿಂದ ಬರುವ ಮಗುವಿನ ಹೆಸರನ್ನು ಹೇಳುವವರು ಇಲ್ಲೂ ಕಡಿಮೆ.

ಭಾರತದ ಮಕ್ಕಳಿಗೆ ಹೊಂದುವ ಲಕ್ಷಣಪಟ್ಟಿ ರೂಪಿಸುವ ಕೆಲಸ ಬೆಂಗಳೂರಿನಲ್ಲೇ ನಡೆದಿದೆ. ಜೆ.ಆರ್.ಡಿ. ಟಾಟಾ ಅವರ ಆಸಕ್ತಿಯಿಂದ 1988ರಲ್ಲಿ ಹುಟ್ಟಿ, ರಾಜಾರಾಮಣ್ಣ ಮೊದಲ ನಿರ್ದೇಶಕರಾಗಿದ್ದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಅವರ ತಂಡ, ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದಿಂದ, ಪ್ರತಿಭಾನ್ವಿತ ಮಕ್ಕಳ ಶಿಕ್ಷಣದ ಕಾರ್ಯಕ್ರಮವನ್ನು ಕಟ್ಟಿತು. ನಗರದ ಇಂಗ್ಲಿಷ್ ಶಾಲೆಗೆ ಹೊಂದುವ ಅಳತೆಗೋಲು ಹಳ್ಳಿಗೆ ಹೊಂದದು ಎಂಬ ಅರಿವು ಆ ಕೆಲಸದ ತಳದಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳನ್ನು ಪ್ರತ್ಯೇಕವಾಗಿ ಹೆಸರಿಸಿ, ಶಿಕ್ಷಕರ ತರಬೇತಿಯಲ್ಲಿ ಅವರನ್ನು ಗುರುತಿಸುವ ಪಾಠ ಸೇರಬೇಕು ಎಂದಿದೆ. ನೀತಿಯ ಪುಟದಿಂದ ಹೈಸ್ಕೂಲಿನ ಸ್ಟಾಫ್‌ರೂಮಿಗೆ ಇರುವ ದೂರ ಮಾತ್ರ ಕೂಡ್ಲಿಗಿಯಿಂದ ದೆಹಲಿಗೆ ಇರುವಷ್ಟೇ.

ಆರಿಸಿ ಒಯ್ಯುವ ಏಣಿ

ಈ ಭಾಗದಲ್ಲಿ ಪ್ರತಿಭೆಗೆ ಸರ್ಕಾರ ಕೊಟ್ಟಿರುವ ಮುಖ್ಯ ಉತ್ತರ ಆಯ್ಕೆ ಪರೀಕ್ಷೆ. ಗೆದ್ದ ಮಗುವನ್ನು ಊರ ಶಾಲೆಯಿಂದ ಎತ್ತಿ ಬೇರೆ ಶಾಲೆಗೆ ಒಯ್ಯುವುದು, ಇಲ್ಲವೇ ಕೈಗೆ ಹಣ ಕೊಡುವುದು.

ಒಯ್ಯುವ ಶಾಲೆಗಳಲ್ಲಿ ಹೆಸರಾದದ್ದು ಜವಾಹರ್ ನವೋದಯ ವಿದ್ಯಾಲಯ. 1986ರ ಶಿಕ್ಷಣ ನೀತಿಯ ಕೂಸಾದ ಈ ವಸತಿಶಾಲೆಗಳಲ್ಲಿ ಹಳೆಯ ಬಳ್ಳಾರಿ ಜಿಲ್ಲೆಯ ಪಾಲಿಗೆ ಬಂದದ್ದು ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿದೆ. ಐದನೆಯ ತರಗತಿಯಲ್ಲಿ ಓದುತ್ತಿರುವಾಗ ಎರಡು ಗಂಟೆಯ ಪರೀಕ್ಷೆ. 100 ಅಂಕಗಳಲ್ಲಿ ಅರ್ಧ ಮಾನಸಿಕ ಸಾಮರ್ಥ್ಯಕ್ಕೆ, ಉಳಿದರ್ಧ ಗಣಿತ ಮತ್ತು ಭಾಷೆಗೆ. ಸಾಮಾನ್ಯವಾಗಿ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹುಡುಗಿಯರಿಗೆ. ಒಂದು ಮಗುವಿಗೆ ಒಂದೇ ಅವಕಾಶ. ಹತ್ತು ಹನ್ನೊಂದರ ವಯಸ್ಸಿನ ಒಂದು ಶನಿವಾರ ಜ್ವರ ಬಂದರೆ ಆ ಬಾಗಿಲು ಮುಚ್ಚಿತು. ಒಂಬತ್ತನೆಯ ತರಗತಿಗೆ ಖಾಲಿ ಉಳಿದ ಸೀಟುಗಳಿಗಾಗಿ ಮತ್ತೊಂದು ಪರೀಕ್ಷೆ ಇದೆ ಎಂಬುದು ಹಲವು ಪೋಷಕರಿಗೆ ಗೊತ್ತೇ ಇರುವುದಿಲ್ಲ. ಗೊತ್ತಾದರೂ ಅಲ್ಲಿ ಹಿಂದಿ, ಇಂಗ್ಲಿಷ್, ವಿಜ್ಞಾನ, ಗಣಿತಗಳ ಪ್ರಶ್ನೆಗಳನ್ನು ಎದುರಿಸಬೇಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳ ಆಯ್ಕೆಯೂ ಐದನೆಯ ತರಗತಿಯ ಮಕ್ಕಳಿಗೇ. ಶೈಕ್ಷಣಿಕವಾಗಿ ಹಿಂದುಳಿದ ಬ್ಲಾಕುಗಳಿಗೆಂದು 2010-11ರ ಸುಮಾರಿಗೆ ರಾಜ್ಯದಲ್ಲಿ ತೆರೆದ 74 ಆದರ್ಶ ವಿದ್ಯಾಲಯಗಳಿಗೂ ಆರನೆಯ ತರಗತಿಗೇ ಪ್ರವೇಶ ಪರೀಕ್ಷೆ.

ಒಟ್ಟಿನಲ್ಲಿ ಹನ್ನೊಂದು ವರ್ಷಕ್ಕೆ ಮೊದಲು ಕಾಣಿಸಿಕೊಂಡವರಿಗೆ ಏಣಿ ಉಂಟು. ಹದಿಮೂರರಲ್ಲಿ ಎಚ್ಚರಗೊಂಡ ಮಗು ಊರ ಹೈಸ್ಕೂಲಿನಲ್ಲೇ ಇರುತ್ತದೆ. ಹರೆಯಕ್ಕೆ ಬರುವಾಗಲೇ ಅಮೂರ್ತ ಚಿಂತನೆ ಬಲಿಯುವುದು, ಬೀಜಗಣಿತವೂ ಜ್ಯಾಮಿತಿಯ ಸಾಧನೆಗಳೂ ಎದುರಾಗುವುದು ಎಂಬುದನ್ನು ನೆನೆದರೆ ಈ ಏರ್ಪಾಡು ಸ್ವಲ್ಪ ಅವಸರದ್ದೇ.

ಹೈಸ್ಕೂಲಿನ ಮಕ್ಕಳಿಗೆ ಇರುವ ದೊಡ್ಡ ಆಸರೆ ಎನ್‌ಎಂಎಂಎಸ್ ಎಂದು ಕರೆಯುವ ಪ್ರತಿಭೆ ಮತ್ತು ಆದಾಯ ಆಧಾರಿತ ರಾಷ್ಟ್ರೀಯ ವಿದ್ಯಾರ್ಥಿವೇತನ. 2008ರಲ್ಲಿ ಶುರುವಾದ ಈ ಯೋಜನೆಯಲ್ಲಿ ದೇಶಕ್ಕೆ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನಗಳಿವೆ. ಕರ್ನಾಟಕದ ಪಾಲು 5,534. ಎಂಟನೆಯ ತರಗತಿಯಲ್ಲಿ ಬರೆಯುವ ಪರೀಕ್ಷೆಯಲ್ಲಿ 90 ಅಂಕಗಳ ಎರಡು ಪತ್ರಿಕೆ, ಒಂದು ಮಾನಸಿಕ ಸಾಮರ್ಥ್ಯಕ್ಕೆ, ಇನ್ನೊಂದು ಶಾಲಾ ವಿಷಯಗಳಿಗೆ. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ತಿಂಗಳಿಗೆ 1,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು, ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿರಬೇಕು, ಸರ್ಕಾರಿ ವಸತಿಶಾಲೆಯಲ್ಲಿರಬಾರದು. ಈ ಕೊನೆಯ ಷರತ್ತು ಮುಖ್ಯ: ಏಣಿ ತಪ್ಪಿಸಿಕೊಂಡವರಿಗೇ ಮೀಸಲಾದ ಯೋಜನೆ ಇದು. ಸಾವಿರ ರೂಪಾಯಿ ದೊಡ್ಡದಲ್ಲ ಎನಿಸಬಹುದು. ಹುಡುಗಿಯ ಹೆಸರಿಗೆ ತಿಂಗಳಿಗೊಂದು ಮೊತ್ತ ಬರುತ್ತಿದೆ ಎಂಬ ಕಾರಣಕ್ಕೆ ಅವಳನ್ನು ಗುಳೆಗೆ ಕರೆದೊಯ್ಯದೆ ಅಜ್ಜಿಯ ಬಳಿ ಬಿಡಲು ಒಪ್ಪುವ ಮನೆಗೆ ಅದು ದೊಡ್ಡದೇ. ಆದರೆ ಪ್ರತಿ ವರ್ಷ ಪೋರ್ಟಲ್‌ನಲ್ಲಿ ನವೀಕರಿಸಬೇಕು. ಆಧಾರ್, ಬ್ಯಾಂಕ್ ಪುಸ್ತಕ, ಶಾಲೆಯ ದಾಖಲೆಗಳಲ್ಲಿ ಹೆಸರಿನ ಒಂದು ಅಕ್ಷರ ಬೇರೆಯಾದರೂ ಹಣ ನಿಲ್ಲುತ್ತದೆ. ಮುಖ್ಯಶಿಕ್ಷಕರು ಬೆನ್ನುಹತ್ತಿದ ಶಾಲೆಯ ಮಕ್ಕಳಿಗೆ ಮಾತ್ರ ಅದು ಕೊನೆತನಕ ತಲುಪುತ್ತದೆ.

1963ರಲ್ಲಿ ಶುರುವಾಗಿ ಎನ್‌ಟಿಎಸ್‌ಇ ಎಂದು ಹೆಸರಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಹತ್ತನೆಯ ತರಗತಿಯವರಿಗಿತ್ತು. ಅದರ ಅವಧಿ 2021ರ ಮಾರ್ಚಿಗೆ ಮುಗಿದ ಮೇಲೆ ಸ್ಥಗಿತಗೊಂಡಿದೆ. ಇನ್‌ಸ್ಪೈರ್ ಮಾನಕ್ ಯೋಜನೆ ಮಗುವಿನ ಹೊಸ ಕಲ್ಪನೆಯನ್ನು ಮಾದರಿಯಾಗಿ ಮಾಡಲು 10,000 ರೂಪಾಯಿ ಕೊಡುತ್ತದೆ. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇಸ್ರೊದಲ್ಲಿ ಪ್ರತಿಭಾನ್ವಿತ ಮಕ್ಕಳಿಗೆಂದು ಆರಂಭವಾದ ಧ್ರುವ್ ಕಾರ್ಯಕ್ರಮಕ್ಕೆ ಇಡೀ ದೇಶದಿಂದ ಆರಿಸಿದ್ದು 60 ಮಕ್ಕಳನ್ನು.

ಉಳಿದವರ ತರಗತಿ

ಊರ ಹೈಸ್ಕೂಲಿನ ಒಂಬತ್ತನೆಯ ತರಗತಿಯಲ್ಲಿ ಚುರುಕಾದ ಮಗುವಿನ ದಿನ ಹೇಗಿರುತ್ತದೆ? ಜೂನ್‌ನಲ್ಲಿ ಸೇತುಬಂಧ: ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದದ್ದರ ಪುನರಾವರ್ತನೆ. ಆಮೇಲೆ ಪಾಠ, ಘಟಕ ಪರೀಕ್ಷೆ. ಹತ್ತಕ್ಕೆ ಬಂದರೆ ಸರಣಿ ಪರೀಕ್ಷೆ, ಬ್ಲೂಪ್ರಿಂಟ್, ನಿಧಾನ ಕಲಿಕೆಯವರಿಗೆ ‘ಪಾಸಿಂಗ್ ಪ್ಯಾಕೇಜ್’. ಶಾಲೆಯ ಫಲಿತಾಂಶದ ಶೇಕಡಾವಾರು ಮೇಲಧಿಕಾರಿಗಳ ಸಭೆಯಲ್ಲಿ ಚರ್ಚೆಗೆ ಬರುವುದರಿಂದ ಶಿಕ್ಷಕರ ಕಣ್ಣು ಫೇಲಾಗಬಹುದಾದ ಮಕ್ಕಳ ಮೇಲಿರುತ್ತದೆ. ಅದು ತಪ್ಪೂ ಅಲ್ಲ. ಫೇಲಾದ ಹುಡುಗಿಯ ಮುಂದಿನ ದಾರಿ ಹಲವು ಮನೆಗಳಲ್ಲಿ ಮದುವೆಯೇ. ಆದರೆ ಚುರುಕಾದ ಮಗು ಆ ಹೊತ್ತಿನಲ್ಲಿ ಮಾನಿಟರ್ ಆಗಿ ಗದ್ದಲ ಮಾಡಿದವರ ಹೆಸರು ಬರೆಯುತ್ತಿರುತ್ತದೆ, ಬೋರ್ಡಿನ ಮೇಲೆ ನೋಟ್ಸ್ ಇಳಿಸುತ್ತಿರುತ್ತದೆ. ಹಿಂದುಳಿದವರಿಗೆ ಕಲಿಸುವುದು ಒಂದು ಮಿತಿಯವರೆಗೆ ಕಲಿಸುವ ಮಗುವಿಗೂ ಒಳ್ಳೆಯದು. ವರ್ಷವಿಡೀ ಅದೇ ಆದರೆ ಮಗು ಸಂಬಳವಿಲ್ಲದ ಅತಿಥಿ ಶಿಕ್ಷಕನಾಗುತ್ತದೆ, ಕಲಿಕೆ ನಿಂತಲ್ಲೇ ನಿಲ್ಲುತ್ತದೆ. ಇನ್ನೊಂದು ಪರಿಣಾಮ ತಡವಾಗಿ ಗೊತ್ತಾಗುತ್ತದೆ: ಹತ್ತು ವರ್ಷ ಕಷ್ಟಪಡದೆ ಮೊದಲ ಸ್ಥಾನದಲ್ಲಿದ್ದ ಮಗುವಿಗೆ ಕಷ್ಟದ ಪಾಠ ಎದುರಾದಾಗ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಇಂಥ ಮಕ್ಕಳಿಗೆ ತರಗತಿಯೊಳಗೇ ಮಾಡಬಹುದಾದ ಏರ್ಪಾಡುಗಳಲ್ಲಿ ಮೊದಲನೆಯದು ಪಠ್ಯವನ್ನು ಅಡಕಗೊಳಿಸುವುದು. ಅಧ್ಯಾಯ ಶುರುವಾಗುವ ಮೊದಲೇ ಅದರ ಕೊನೆಯ ಪರೀಕ್ಷೆಯನ್ನು ಕೊಟ್ಟು ನೋಡುವುದು. ಆಗಲೇ ಬರುತ್ತಿದ್ದರೆ ಆ ಮಗುವನ್ನು ಪುನರಾವರ್ತನೆಯಿಂದ ಬಿಡಿಸಿ ಆ ಪೀರಿಯಡ್ಡುಗಳಿಗೆ ಬೇರೆ ಕೆಲಸ ಕೊಡುವುದು. ಬೇರೆ ಕೆಲಸ ಎಂದರೆ ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕಗಳಲ್ಲ. ಬೇಗ ಮುಗಿಸಿದ್ದಕ್ಕೆ ಹೆಚ್ಚು ಲೆಕ್ಕ ಕೊಟ್ಟರೆ ಮಗು ನಿಧಾನವಾಗಿ ಮುಗಿಸುವುದನ್ನು ಕಲಿಯುತ್ತದೆ.

ಕೆಲಸಕ್ಕೆ ಈ ನೆಲದಲ್ಲಿ ಕೊರತೆಯಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು 105.788. ಒಂಬತ್ತನೆಯ ತರಗತಿಯ ಮಗು ಈ ವ್ಯತ್ಯಾಸವನ್ನು ವರ್ಷಗಳಿಂದ ಭಾಗಿಸಿ ಸರಾಸರಿ ತೆಗೆಯಬಲ್ಲದು. ಆಮೇಲಿನ ಪ್ರಶ್ನೆಗಳಲ್ಲಿ ನಿಜವಾದ ಗಣಿತ ಇದೆ: ಹೂಳು ವರ್ಷ ವರ್ಷವೂ ಒಂದೇ ಸಮ ತುಂಬುತ್ತದೆಯೇ? ತುಂಬದಿದ್ದರೆ ನಕ್ಷೆಯ ಗೆರೆ ಹೇಗೆ ಬಾಗೀತು? 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್‌ಗೇಟ್ ಚೈನು ತುಂಡಾಗಿ ಕೊಚ್ಚಿಹೋದಾಗ ಊರೆಲ್ಲ ಕ್ಯೂಸೆಕ್, ಟಿಎಂಸಿ ಎಂದು ಮಾತಾಡುತ್ತಿತ್ತು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಒಂದು ದಿನಕ್ಕೆ 86,400 ಸೆಕೆಂಡು. ಹಾಗಾಗಿ 1 ಲಕ್ಷ ಕ್ಯೂಸೆಕ್ ಹೊರಬಿಟ್ಟರೆ ದಿನಕ್ಕೆ 8.64 ಟಿಎಂಸಿ ಖಾಲಿ. ಗೇಟು ಕೂರಿಸಲು ನೀರು ಇಳಿಸಬೇಕಾದರೆ ಎಷ್ಟು ದಿನ ಬೇಕು ಎಂಬುದು ಟಿವಿಯವರನ್ನು ಕಾಯದೆ ಹುಡುಗಿಯೊಬ್ಬಳು ನೋಟುಬುಕ್ಕಿನಲ್ಲಿ ಬಿಡಿಸಬಹುದಾದ ಲೆಕ್ಕ.

ಜೀವವಿಜ್ಞಾನಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯಿದೆ. ಸುಮಾರು 244 ಎಕರೆಯ ಈ ಪಕ್ಷಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ ರಾಮ್ಸರ್ ಜೌಗುಭೂಮಿಯ ಮನ್ನಣೆ ಬಂತು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಹಕ್ಕಿ ಎಣಿಸಿ ವರ್ಷದ ದಾಖಲೆ ಇಡುವುದು ಹೈಸ್ಕೂಲಿನ ಮಗುವಿಗೆ ಎಟುಕುವ, ಆದರೆ ದೊಡ್ಡವರೂ ಗೌರವಿಸುವ ಕೆಲಸ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಬೇಡುವುದೂ ಇಂಥದನ್ನೇ, ಸ್ಥಳೀಯ ಸಮಸ್ಯೆಯ ಮೇಲೆ ಮಕ್ಕಳೇ ಮಾಡಿದ ಅಧ್ಯಯನ, ಕನ್ನಡದಲ್ಲೂ ಮಂಡಿಸಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆ ಕನ್ನಡ ಮಾಧ್ಯಮದ ಮಗುವಿಗೆ ಪಠ್ಯದಾಚೆಗಿನ ವಿಜ್ಞಾನವನ್ನು ಅದರದೇ ನುಡಿಯಲ್ಲಿ ಕೊಡುತ್ತ ಬಂದಿದೆ.

ಪ್ರತಿಭೆ ಎಂದ ಕೂಡಲೇ ವಿಜ್ಞಾನ, ಗಣಿತ ಎನ್ನುವ ಚಾಳಿಗೆ ಈ ತಾಲ್ಲೂಕುಗಳಲ್ಲಿ ಆಧಾರವಿಲ್ಲ. ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಶಾಸನ ಪ್ರಾಕೃತದಲ್ಲಿದೆ. ಹಡಗಲಿ ಸೀಮೆಗೂ ಕಂಚಿಯ ಪಲ್ಲವರಿಗೂ ಏನು ಸಂಬಂಧ ಎಂದು ಕೇಳುವ ಹುಡುಗನಿಗೆ ಉತ್ತರ ಪಠ್ಯದಲ್ಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರದ ವಿಭಾಗವೇ ಇದೆ, ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟವೂ ಅಲ್ಲಿಂದ ಬಂದಿದೆ. ಒಂದು ಭಾನುವಾರ ಅಲ್ಲಿನ ವಿದ್ವಾಂಸರ ಜೊತೆ ಊರ ಗುಡಿಯ ಕಲ್ಲಿನ ಅಚ್ಚು ತೆಗೆದ ಮಗು ಇತಿಹಾಸವನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಕಥೆ ಕಟ್ಟುವ ಮಕ್ಕಳ ಎದುರಿಗಂತೂ ಕೊಟ್ಟೂರಿನ ಕುಂ. ವೀರಭದ್ರಪ್ಪ ಇದ್ದಾರೆ, ಆಂಧ್ರದ ಹಳ್ಳಿಗಳಲ್ಲಿ ಶಾಲಾ ಶಿಕ್ಷಕರಾಗಿದ್ದುಕೊಂಡೇ ಬರೆದವರು, ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಈ ಸೀಮೆಯ ಆಡುಮಾತಿನಲ್ಲೇ ದೊಡ್ಡ ಸಾಹಿತ್ಯ ಆಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

ಮುಂದಿನ ತರಗತಿಗೆ ನೇರವಾಗಿ ಜಿಗಿಸುವುದು ನಮ್ಮ ಶಾಲೆಗಳಲ್ಲಿ ಅಪರೂಪ, ವಯಸ್ಸಿನ ನಿಯಮಗಳೂ ಅಡ್ಡ. ಆದರೆ ಒಂದು ವಿಷಯದಲ್ಲಿ ಮಾತ್ರ ಮುಂದೆ ಹೋಗುವುದಕ್ಕೆ ಅಪ್ಪಣೆ ಬೇಕಿಲ್ಲ: ಒಂಬತ್ತರ ಮಗು ಗಣಿತದ ಪೀರಿಯಡ್ಡಿಗೆ ಹತ್ತರ ಕೋಣೆಯಲ್ಲಿ ಕೂರಬಹುದು, ಹತ್ತರದ್ದು ಪಿಯು ಪುಸ್ತಕ ತೆರೆಯಬಹುದು. ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ದೀರ್ಘ ಅಧ್ಯಯನ ಹೀಗೆ ವೇಗ ಹೆಚ್ಚಿಸಿಕೊಂಡ ಮಕ್ಕಳಿಗೆ ಒಟ್ಟಾರೆ ಒಳಿತೇ ಆದುದನ್ನು ತೋರಿಸಿದೆ.

ಇದೆಲ್ಲ ಶಿಕ್ಷಕರ ಮೇಲೆ ನಿಂತಿದೆ. ಮಗುವಿನ ಪ್ರಶ್ನೆಗೆ ‘ನನಗೂ ಗೊತ್ತಿಲ್ಲ, ನೋಡೋಣ’ ಎನ್ನಬಲ್ಲ ಶಿಕ್ಷಕರಿಗೆ ತಮ್ಮ ವಿಷಯದ ಮೇಲೆ ಧೈರ್ಯ ಬೇಕು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಸನ ಕೇಂದ್ರ ವಿಜ್ಞಾನ, ಗಣಿತ ಶಿಕ್ಷಕರನ್ನೇ ಕರೆಸಿ ಪ್ರಯೋಗಾಲಯದಲ್ಲಿ ಕೂರಿಸಿ ತರಬೇತಿ ಕೊಡುತ್ತ ಬಂದಿದೆ. ಬೆಂಗಳೂರಿಗಿಂತ ಕೂಡ್ಲಿಗಿಗೆ ಅದು ಎಷ್ಟೋ ಹತ್ತಿರ. ಹುದ್ದೆ ಖಾಲಿ ಉಳಿದು ವರ್ಷಕ್ಕೊಬ್ಬ ಅತಿಥಿ ಶಿಕ್ಷಕರು ಬದಲಾಗುವ ಶಾಲೆಯಲ್ಲಿ ಈ ತರಬೇತಿ ನೆಲೆ ನಿಲ್ಲುವುದು ಕಷ್ಟ. ಮಗುವನ್ನು ಎಂಟರಿಂದ ಹತ್ತರವರೆಗೆ ನೋಡಿದ ಒಬ್ಬರಾದರೂ ಬೇಕು.

ಹತ್ತರಿಂದ ಹನ್ನೊಂದಕ್ಕೆ

ಹೈಸ್ಕೂಲಿನ ಆಸರೆ ಪರೀಕ್ಷೆಗೆ ನಿಲ್ಲುವುದು ಎಸ್ಸೆಸ್ಸೆಲ್ಸಿಯ ಮರುದಿನ. ಪಿಯು ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲು ಎಂದರೆ ಕೊಟ್ಟೂರು ಎನ್ನುವ ಮಾತು ಹತ್ತು ವರ್ಷಗಳಿಂದ ರೂಢಿಯಾಗಿದೆ. ಅಲ್ಲಿನ ಇಂದು ಪಿಯು ಕಾಲೇಜಿನ ವಿದ್ಯಾರ್ಥಿಗಳು 2019ರಲ್ಲಿ 600ಕ್ಕೆ 594, 2025ರಲ್ಲಿ 597 ಅಂಕ ಪಡೆದು ಮೊದಲ ಸ್ಥಾನಕ್ಕೆ ಬಂದರು; ನಡುವಿನ ವರ್ಷಗಳಲ್ಲೂ ಮೇಲಿನ ಸ್ಥಾನಗಳಲ್ಲಿ ಆ ಕಾಲೇಜಿನ ಹೆಸರು ತಪ್ಪಿದ್ದು ಕಡಿಮೆ. ಹೀಗೆ ಮೇಲೆ ಬಂದವರಲ್ಲಿ ದುಡಿದು ತಿನ್ನುವ ಮನೆಗಳ ಕನ್ನಡ ಮಾಧ್ಯಮದ ಮಕ್ಕಳಿದ್ದಾರೆ. ಪಶ್ಚಿಮ ತಾಲ್ಲೂಕುಗಳಲ್ಲಿ ಕಸುವಿದೆ ಎಂಬುದಕ್ಕೆ ಇದಕ್ಕಿಂತ ಜೋರಾದ ಸಾಕ್ಷಿ ಬೇಕಿಲ್ಲ. ಭಾಷೆ ಬದಲಾಗದ, ಕೋಚಿಂಗ್ ಶುಲ್ಕ ಬೇಡದ, ಒಂದು ಸಂಸ್ಥೆ ಪಟ್ಟುಹಿಡಿದು ನಿಂತ ಕಡೆ ಆ ಕಸುವು ರಾಜ್ಯದ ತುದಿಗೆ ಏರುತ್ತದೆ.

ವಿಜ್ಞಾನಕ್ಕೆ ಹೋಗುವ ಮಗುವಿಗೆ ಈ ಮೂರೂ ಇಲ್ಲ. ಹತ್ತರವರೆಗೆ ‘ವೇಗೋತ್ಕರ್ಷ’ ಎಂದು ಓದಿದವರು ಜೂನ್‌ನಲ್ಲಿ ‘ಆಕ್ಸಿಲರೇಷನ್’ ಎಂಬ ಪದದ ಮುಂದೆ ಕೂರುತ್ತಾರೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬೀಳುತ್ತದೆ, ತಾನು ದಡ್ಡ ಎಂಬ ತೀರ್ಮಾನಕ್ಕೆ ಮಗು ತಾನೇ ಬರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಗೂ ಪಿಯು ಆರಂಭಕ್ಕೂ ನಡುವಿನ ಎರಡು ತಿಂಗಳಲ್ಲಿ ವಿಜ್ಞಾನದ ನಾನೂರು ಐನೂರು ಇಂಗ್ಲಿಷ್ ಪದಗಳನ್ನು, ಅವುಗಳ ಕನ್ನಡ ಪದಗಳ ಜೊತೆಗೇ, ಪ್ರಯೋಗ ಮಾಡಿಸಿ ಕಲಿಸುವ ಒಂದು ಸೇತು ತರಗತಿ ಇದ್ದರೆ ಈ ಹೊಡೆತ ಬಹುಪಾಲು ತಗ್ಗುತ್ತದೆ. ಕಟ್ಟಡ, ಶಿಕ್ಷಕರು, ರಜೆ ಎಲ್ಲವೂ ಆಗ ಇರುತ್ತವೆ; ಹಾಸ್ಟೆಲುಗಳು ಮಾತ್ರ ಮುಚ್ಚಿರುತ್ತವೆ.

ಮುಂದಿನ ಹಂತಕ್ಕೆ ಸಂವಿಧಾನದ 371ಜೆ ವಿಧಿಯ ಬಲವಿದೆ. ಕಲ್ಯಾಣ ಕರ್ನಾಟಕದೊಳಗಿನ ವೃತ್ತಿಶಿಕ್ಷಣ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಈ ಭಾಗದವರಿಗೆ ಮೀಸಲು. ಸ್ವಾತಂತ್ರ್ಯದ ಹೊತ್ತಿಗೆ ಈ ಭಾಗದ ಉಳಿದ ಜಿಲ್ಲೆಗಳಂತೆ ನಿಜಾಮರ ಆಳ್ವಿಕೆಯಲ್ಲಿ ಇರದಿದ್ದರೂ ಬಳ್ಳಾರಿ ಹಿಂದುಳಿದಿರುವಿಕೆಯ ಕಾರಣಕ್ಕೆ ಇದರೊಳಗೆ ಸೇರಿತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಮೊದಲು ಇದು ಸಿಗಲಿಲ್ಲ. ಹೋರಾಟ ನಡೆದು 2018ರಲ್ಲಿ ಬಳ್ಳಾರಿಗೆ ಮರಳಿದ ಮೇಲೆ ಆ ತಾಲ್ಲೂಕಿನ ಮಕ್ಕಳಿಗೂ ಬಾಗಿಲು ತೆರೆಯಿತು. ಅರ್ಹತಾ ಪ್ರಮಾಣಪತ್ರವನ್ನು ಹತ್ತನೆಯ ತರಗತಿಯಲ್ಲೇ ಮಾಡಿಸಿಟ್ಟರೆ ಎರಡು ವರ್ಷದ ನಂತರದ ಓಡಾಟ ತಪ್ಪುತ್ತದೆ.

ಉಳಿಯುವುದು ಒಂದು ಸಣ್ಣ ಕಾಗದದ ಮಾತು. ಮೂರು ವರ್ಷ ಹೈಸ್ಕೂಲಿನಲ್ಲಿ ಶಿಕ್ಷಕರು ಕಂಡದ್ದು, ಈ ಹುಡುಗಿ ಪ್ರಮೇಯವನ್ನು ತನ್ನದೇ ದಾರಿಯಲ್ಲಿ ಸಾಧಿಸುತ್ತಾಳೆ, ಈ ಹುಡುಗ ಕೆರೆಯ ಹಕ್ಕಿಗಳ ಲೆಕ್ಕ ಇಟ್ಟಿದ್ದಾನೆ ಎಂಬಂಥ ಸಂಗತಿಗಳು, ಮುಂದಿನ ಕಾಲೇಜಿಗೆ ದಾಟುವುದಿಲ್ಲ. ಅಲ್ಲಿನ ಮೇಜಿನ ಮೇಲೆ ಬೀಳುವುದು ವರ್ಗಾವಣೆ ಪತ್ರ ಮತ್ತು 625ಕ್ಕೆ ಎಷ್ಟು ಎಂಬ ಅಂಕಪಟ್ಟಿ. ಅವೆರಡರ ಜೊತೆ ತರಗತಿ ಶಿಕ್ಷಕರು ಕೈಯಲ್ಲಿ ಬರೆದ ಒಂದು ಪುಟ ಹೋಗಬಹುದು: ಮಗು ಯಾವುದರಲ್ಲಿ ಮುಂದಿದೆ, ಯಾವುದರಲ್ಲಿ ಹಿಂದಿದೆ, ಯಾವ ಪ್ರಶ್ನೆ ಬಿಡದೆ ಕೇಳುತ್ತಿತ್ತು, ವಿದ್ಯಾರ್ಥಿವೇತನದ ನವೀಕರಣ ಯಾವ ತಿಂಗಳು. ಇದಕ್ಕೆ ಸುತ್ತೋಲೆಯೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.